ಸ್ಕೇಲಾರ್ ತರಂಗವನ್ನು ಮನೆಯಲ್ಲಿ ಪತ್ತೆ ಮಾಡಬಹುದೇ?

ಎರಡು ಚಪ್ಪಟೆ ಸುರುಳಿಗಳನ್ನು ಸುತ್ತಿ, ಒಂದಕ್ಕೆ ಸಂಕೇತ ಕೊಟ್ಟು, ಇನ್ನೊಂದರಲ್ಲಿ ಎಲ್‌ಇಡಿ ಬೆಳಗಿಸಿದ್ದೀರಿ. ಎರಡನೆಯದನ್ನು ಲೋಹದ ಡಬ್ಬಿಯಲ್ಲಿ ಮುಚ್ಚಿಟ್ಟರೂ ದೀಪ ಆರಲಿಲ್ಲ, ಹಾಗಾದರೆ ಇದು ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಹೇಳಿದ್ದೆಂದು ಕೆಲವರು ನಂಬುವ ಸ್ಕೇಲಾರ್ ತರಂಗವೇ, ಅಂದರೆ ಸಾಗುವ ದಿಕ್ಕಿನಲ್ಲೇ ಕಂಪಿಸುತ್ತ ಲೋಹವನ್ನೂ ದಾಟುತ್ತದೆ ಎನ್ನಲಾಗುವ ವಿದ್ಯುತ್ ತರಂಗವೇ ಎಂದು ಕೇಳಿದ್ದೀರಿ. ಅಲ್ಲ. ಆದರೆ ನೀವು ಕಂಡದ್ದು ಸುಳ್ಳೂ ಅಲ್ಲ. ಇದೇ ಪ್ರಯೋಗಕ್ಕೆ ನಾನು ಎರಡು ಮಳೆಗಾಲಗಳ ಸಂಜೆಗಳನ್ನು ಕೊಟ್ಟಿದ್ದೇನೆ.

ಡಬ್ಬಿಯನ್ನು ಇನ್ನೊಮ್ಮೆ ನೋಡಿ. ಎರಡು ಸುರುಳಿಗಳನ್ನು ಜೋಡಿಸುವ ಅರ್ಥಿಂಗ್ ತಂತಿ ಒಳಗೆ ಹೋಗಲು ಒಂದು ತೂತು ಇರಲೇಬೇಕು. ನನ್ನದು ಹಿಟ್ಟು ತುಂಬಿಡುವ ಸ್ಟೀಲ್ ಡಬ್ಬಿ, ಪೆನ್ಸಿಲ್ ದಪ್ಪದ ತೂತು. ಸುಮಾರು 1.3 ಮೆಗಾಹರ್ಟ್ಸ್‌ನಲ್ಲಿ ಆ ಒಂದು ತಂತಿಯೇ ಸಾಕು: ಸಂಕೇತ ತಂತಿಯಲ್ಲಿ ಒಳಗೆ ಹೋಗುತ್ತದೆ, ಸುರುಳಿಗೂ ಡಬ್ಬಿಯ ಗೋಡೆಗೂ ನಡುವಿನ ಕೆಪಾಸಿಟೆನ್ಸ್ (ಮುಟ್ಟದೆ ಎದುರುಬದುರಿರುವ ಲೋಹಗಳ ನಡುವಿನ ವಿದ್ಯುತ್ ನಂಟು) ಮೂಲಕ ಮರಳಿ ಬರುತ್ತದೆ. ಮುಚ್ಚಿದ ಡಬ್ಬಿಯೊಳಗಿನ ದೀಪವನ್ನು ನೋಡುವುದು ಹೇಗೆಂದು ತಲೆ ಕೆಡಿಸಿಕೊಂಡು, ಕೊನೆಗೆ ಹಳೆಯ ಮೊಬೈಲನ್ನೇ ವಿಡಿಯೊ ಚಾಲೂ ಮಾಡಿ ಒಳಗಿಟ್ಟೆ. ತಂತಿ ಇದ್ದಾಗ ಎಲ್‌ಇಡಿ ಹಸಿರಾಗಿ ಉರಿಯುತ್ತಿತ್ತು. ಆಮೇಲೆ ತಂತಿಯನ್ನು ಕತ್ತರಿಸಲಿಲ್ಲ. ಕತ್ತರಿಸಿದ್ದರೆ 'ಆ ತರಂಗಕ್ಕೆ ಅರ್ಥಿಂಗ್ ಬೇಕೇ ಬೇಕು' ಎಂಬ ವಾದ ಉಳಿದುಬಿಡುತ್ತಿತ್ತು. ತೂತಿನ ಬಾಯಲ್ಲಿ ತಂತಿಯ ಹೊದಿಕೆ ಹೆರೆದು, ಅದನ್ನು ಡಬ್ಬಿಯ ಮೈಗೆ ಸುತ್ತಲೂ ಬೆಸುಗೆ ಹಾಕಿದೆ, ಮುಚ್ಚಳದ ಸಂದಿಗೆ ತಾಮ್ರದ ಪಟ್ಟಿ ಅಂಟಿಸಿದೆ. ತಂತಿ ಒಳಗೂ ಇತ್ತು, ಹೊರಗೂ ಇತ್ತು. ಈ ಸಲದ ವಿಡಿಯೊ ಪೂರ್ತಿ ಕಪ್ಪು. ಲೋಹವನ್ನು ದಾಟುವ ತರಂಗಕ್ಕೆ ಒಂದು ಬೆಸುಗೆ ಅಡ್ಡಿಯಾಗಬಾರದಿತ್ತು.

ಇಂಥ ಸುರುಳಿಗಳಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬಂತು ಎಂಬ ಲೆಕ್ಕಗಳು ಬಹುಪಾಲು ವೋಲ್ಟೇಜನ್ನೂ ಕರೆಂಟನ್ನೂ ಗುಣಿಸುವಾಗ ಅವುಗಳ ನಡುವಿನ ಫೇಸ್ ವ್ಯತ್ಯಾಸವನ್ನು, ಅಂದರೆ ಎರಡರ ಏರಿಳಿತ ಒಂದೇ ಕ್ಷಣಕ್ಕೆ ಕೂಡಿಬರದಿರುವುದನ್ನು, ಮರೆತದ್ದರ ಫಲ. ಇನ್ನು ಸಾಗುವ ದಿಕ್ಕಿನಲ್ಲೇ ಕಂಪಿಸುವ ವಿದ್ಯುತ್ ತರಂಗ ಇಲ್ಲವೇ ಇಲ್ಲವೆಂದಲ್ಲ: ಪ್ಲಾಸ್ಮಾದೊಳಗೆ, ಅಂದರೆ ವಿದ್ಯುದಾವೇಶದ ಕಣಗಳಾಗಿ ಒಡೆದ ಅನಿಲದೊಳಗೆ ಇದೆ, ವಿಜ್ಞಾನಿಗಳಾದ ಲ್ಯಾಂಗ್‌ಮ್ಯೂರ್ ಮತ್ತು ಟಾಂಕ್ಸ್ 1929ರಲ್ಲಿ ಅದನ್ನು ವಿವರಿಸಿದರು. ಆದರೆ ಅದು ನಿಮ್ಮ ಕೋಣೆಯ ಗಾಳಿಯಲ್ಲಿ ಹಾದುಬರುವುದಿಲ್ಲ.

ಟೆಸ್ಲಾ ಮೇಲಿನ ಪ್ರೀತಿಯಿಂದ ಇದಕ್ಕೆ ಕೈಹಾಕಿದ್ದರೆ, 1899ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ನೀವೂ ಮಾಡಬಹುದು. ದೂರ ಸರಿಯುತ್ತಿದ್ದ ಗುಡುಗುಮಳೆಯ ಸಂಕೇತಗಳನ್ನು ಅವರು ಉಪಕರಣದಲ್ಲಿ ಹಿಡಿಯುತ್ತ ಕುಳಿತಿದ್ದರು. ಒಂದು ಮೀಟರ್ ಚೌಕದ ಮರದ ಚೌಕಟ್ಟಿಗೆ ಅರವತ್ತು ಸುತ್ತು ಎನಾಮಲ್ ತಂತಿ, ಒಂದು ಆಂಪ್ಲಿಫೈಯರ್, ಲ್ಯಾಪ್‌ಟಾಪಿನ ಮೈಕ್ ಕಿಂಡಿ, ಇಷ್ಟೇ ಸಾಮಾನು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಮನೆಯ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯೇ ದೊಡ್ಡ ಶತ್ರು. ಆದ್ದರಿಂದ ನಾನು ಮಲೆನಾಡಿನ ನಮ್ಮ ಹಳ್ಳಿಯಲ್ಲಿ ರಾತ್ರಿ ಕರೆಂಟು ಹೋಗುವುದನ್ನೇ ಕಾಯುತ್ತೇನೆ. ಊರೆಲ್ಲ ಕತ್ತಲಾದ ಕ್ಷಣ ಹೆಡ್‌ಫೋನಿನಲ್ಲಿ ಆ ಗುಂಯ್ ಸದ್ದು ಬಿದ್ದುಹೋಗುತ್ತದೆ, ಸೌದೆ ಸಿಡಿದಂತೆ ಮಿಂಚುಗಳ ಚಟಪಟ ತೆರೆದುಕೊಳ್ಳುತ್ತದೆ, ನಡುನಡುವೆ ಬಿಗಿದ ತಂತಿಯನ್ನು ಮೀಟಿದಂತೆ 'ಟ್ಯೂಂಯ್' ಎನ್ನುತ್ತದೆ.

ಆ 'ಟ್ಯೂಂಯ್' ಸದ್ದಿಗೆ ಟ್ವೀಕ್ ಎಂದು ಹೆಸರು. ಬಹುದೂರದಲ್ಲೆಲ್ಲೋ ಹೊಡೆದ ಮಿಂಚಿನ ರೇಡಿಯೊ ಸಿಡಿತ ನೆಲಕ್ಕೂ ಅಯಾನುಗೋಳಕ್ಕೂ (ರೇಡಿಯೊ ತರಂಗವನ್ನು ಹಿಂದಿರುಗಿಸುವ ಮೇಲಿನ ವಾತಾವರಣದ ಪದರ) ನಡುವೆ ಪುಟಿಯುತ್ತ ಬರುವಾಗ ಹೆಚ್ಚಿನ ಆವರ್ತನಗಳು ಮೊದಲು ತಲುಪುತ್ತವೆ, ಕಡಿಮೆಯವು ಹಿಂದೆ ಬೀಳುತ್ತವೆ. ರೋಹಿತ, ಅಂದರೆ ಸದ್ದಿನ ಆವರ್ತನಗಳ ಚಿತ್ರ, ತೋರಿಸುವ ತಂತ್ರಾಂಶದಲ್ಲಿ ಅದು ಕೊಕ್ಕೆಯ ಹಾಗೆ ಬಾಗಿ 1,700 ಹರ್ಟ್ಸ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಬೆಳಕಿನ ವೇಗವಾದ ಸೆಕೆಂಡಿಗೆ 3,00,000 ಕಿಲೊಮೀಟರನ್ನು 1,700ರ ಎರಡರಷ್ಟರಿಂದ ಭಾಗಿಸಿ: ಸುಮಾರು 88 ಕಿಲೊಮೀಟರ್. ಇರುಳಿನ ಅಯಾನುಗೋಳ ಅಷ್ಟು ಎತ್ತರದಲ್ಲಿದೆ. ಮರದ ಚೌಕಟ್ಟೊಂದರಿಂದ ಆಕಾಶದ ಸೂರು ಅಳೆದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಗಲಲ್ಲಿ ಟ್ವೀಕ್ ಸಿಗುವುದಿಲ್ಲ, ಅಯಾನುಗೋಳದ ಕೆಳಗಿನ ಪದರ ಅದನ್ನು ನುಂಗಿಬಿಡುತ್ತದೆ. ಬೇಕಿದ್ದರೆ 18.2 ಕಿಲೊಹರ್ಟ್ಸ್ ನೋಡಿ: ತಮಿಳುನಾಡಿನ ವಿಜಯನಾರಾಯಣದಲ್ಲಿರುವ ನೌಕಾಪಡೆಯ ರೇಡಿಯೊ ಕೇಂದ್ರದ ಗೆರೆ ಕಾಣಬೇಕು. ಅದು ಕಂಡರೆ ನಿಮ್ಮ ಚೌಕಟ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಒಂದು ಮಾತು ಮಾತ್ರ ಕಟ್ಟುನಿಟ್ಟು: ಗುಡುಗು ಕಿವಿಗೇ ಕೇಳಿಸುವಷ್ಟು ಹತ್ತಿರ ಬಂದರೆ ತಂತಿ ಕಳಚಿ, ಹೆಡ್‌ಫೋನ್ ತೆಗೆದಿಟ್ಟು ಒಳಗೆ ಹೋಗಿ.