ದೂರು ಕೊಟ್ಟವಳನ್ನೇ ಯಾಕೆ ಕಳಿಸಿದಿರಿ?

ಕಲಬುರಗಿಯ ದಾಲ್ ಮಿಲ್ ಮಾಲೀಕರೊಬ್ಬರು ಹೆಸರು ಹಾಕಬೇಡಿ ಎಂದು ಹೇಳಿ ಬರೆದಿದ್ದಾರೆ: "ನಮ್ಮ ಆಫೀಸಿನಲ್ಲಿ ಲೆಕ್ಕ ಬರೆಯುವ ದಲಿತ ಹುಡುಗಿ ದೂರು ತಂದಳು. ಮುನೀಮರು ಆಕೆಗೆ ಬೇರೆ ಗಿಲಾಸು ಮಾಡಿ ಕಿಟಕಿಯಲ್ಲಿ ಬೋರಲು ಇಡಿಸಿದ್ದಾರಂತೆ. ಮುನೀಮರು ನಮ್ಮ ತಂದೆಯ ಕಾಲದವರು. ಮಾತು ಬೆಳೆಯೋದು ಬೇಡ ಅಂತ ಆಕೆಯನ್ನು ಬೀದರ್ ಬ್ರಾಂಚಿಗೆ ಕಳಿಸಿದೆ. ಸಂಬಳ ಅಷ್ಟೇ ಇದೆ. ತಪ್ಪೇನು?"

ಸಾವುಕಾರರೇ, ನೀವು ಕೇಳಿದಿರಲ್ಲ, ಅದು ದೊಡ್ಡದು. ಎಷ್ಟೋ ಜನ ಕೇಳುವುದೂ ಇಲ್ಲ. ದೂರು ಬಂದ ಮಾತ್ರಕ್ಕೆ ಮುನೀಮರು ತಪ್ಪಿತಸ್ಥರಾಗುವುದಿಲ್ಲ, ಅವರ ಮಾತನ್ನೂ ಕೇಳಬೇಕು. ಒಪ್ಪಿದೆ. ಆದರೆ ನೀವು ಯಾರ ಮಾತನ್ನೂ ಪೂರ್ತಿ ಕೇಳಲಿಲ್ಲ. ಆಕೆಯ ದೂರನ್ನು ಬರೆಸಿಕೊಳ್ಳಲಿಲ್ಲ, ಅವರನ್ನು ಕೂರಿಸಿ ವಿಚಾರಿಸಲಿಲ್ಲ. ಊರು ಬಿಟ್ಟವಳು ಮಾತ್ರ ಆಕೆ. ಬೀದರಿನಲ್ಲಿ ರೂಮಿನ ಬಾಡಿಗೆ ಯಾರು ಕಟ್ಟಬೇಕು? ಉಳಿದ ಸಿಬ್ಬಂದಿ ಇದನ್ನೆಲ್ಲ ನೋಡುತ್ತಿದ್ದಾರೆ. ನಾಳೆ ಅವರಿಗೇ ಏನಾದರೂ ಆದರೆ ನಿಮ್ಮ ಹತ್ತಿರ ಬರ್ತಾರಾ?

ದೂರು ಬಂದರೆ ಹೇಗೆ ವಿಚಾರಿಸಬೇಕು ಅನ್ನೋದಕ್ಕೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾಯ್ದೆ ದಾರಿ ಹಾಕಿಕೊಟ್ಟಿದೆ. ಅದೂ ಸುಮ್ನೆ ಬಂದದ್ದಲ್ಲ. ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೊಳಗಾದ ರಾಜಸ್ಥಾನದ ಭಂವರಿ ದೇವಿಗೆ ಆದ ಅನ್ಯಾಯದಿಂದ ಹೊರಟ ಮೊಕದ್ದಮೆಗೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಇಂಥ ದೂರು ವಿಚಾರಿಸುವ ನಿಯಮ ಹಾಕಿತು. ಕಾಯ್ದೆಗೆ ಆಮೇಲೆ ಇನ್ನೂ 16 ವರ್ಷ ಕಾಯಬೇಕಾಯಿತು. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರೊಬ್ಬರು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ವರ್ಗ ಮಾಡಬಹುದು, ಆದರೆ ದೂರು ಕೊಟ್ಟವಳೇ ಬರೆದು ಕೇಳಿದರೆ ಮಾತ್ರ. ಬೇಕಾದರೆ ಎದುರಿನವನನ್ನೇ ಕಳಿಸಬಹುದು.

ಗಿಲಾಸಿನ ದೂರು ಆ ಸಮಿತಿಗೆ ಬರುವುದಿಲ್ಲ, ನಿಜ. ಆದರೆ ಅದು ಇನ್ನೂ ದೊಡ್ಡ ವಿಷಯ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಲ್ಲೇ ನಿಷಿದ್ಧ. 1955ರ ನಾಗರಿಕ ಹಕ್ಕುಗಳ ಕಾಯ್ದೆಯಿದೆ, 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. ಆಕೆ ಪೊಲೀಸ್ ಠಾಣೆಗೆ ಹೋಗುತ್ತೇನೆಂದರೆ ತಡೆಯುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ. "ಒಳಗೊಳಗೆ ಮುಗಿಸಿಕೊಳ್ಳೋಣ" ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

ಶಹಾಬಾದ್ ಕಡೆಯ ಕಾರ್ಖಾನೆಯೊಂದರಲ್ಲಿದ್ದ ನನ್ನ ಪರಿಚಯದವರೊಬ್ಬರು ಇಂಥದ್ದೇ ದೂರು ಒಯ್ದಿದ್ದರು. ಮ್ಯಾನೇಜರು ಇಬ್ಬರಿಗೂ ಚಹಾ ತರಿಸಿದ, ಕೈ ಕುಲುಕಿಸಿದ, ಆಯ್ತು ಬಿಡ್ರಪಾ ಅಂದ. ಮರುವಾರದಿಂದ ಅವರಿಗೆ ಬರೀ ರಾತ್ರಿ ಪಾಳಿ. ಕೊನೆಗೆ ಅವರೇ ಕೆಲಸ ಬಿಟ್ಟರು. ಕಡತದಲ್ಲಿ ಒಂದು ಸಾಲೂ ಇಲ್ಲ.

ನಮ್ಮ ಭಾಗದ ಜನರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಬೆಂಗಳೂರಿನವರು ನಮ್ಮನ್ನು ಕೀಳಾಗಿ ಕಾಣುತ್ತಾರೆ ಅಂತ ದಶಕಗಟ್ಟಲೆ ಕೂಗಿದೆವು. ಆ ಕೂಗಿಗೆ ಸಂವಿಧಾನದ 98ನೇ ತಿದ್ದುಪಡಿಯಾಗಿ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. ನಮ್ಮ ದೂರನ್ನು ದಿಲ್ಲಿ ಬರೆದುಕೊಳ್ಳಬೇಕು, ನಮ್ಮ ಮಿಲ್ಲಿನ ಹುಡುಗಿಯ ದೂರನ್ನು ನಾವು ಬರೆದುಕೊಳ್ಳುವುದಿಲ್ಲ. ಬಸವಣ್ಣನ ಕಲ್ಯಾಣ ನಿಮ್ಮ ಬೀದರ್ ಬ್ರಾಂಚ್ ಇರುವ ಜಿಲ್ಲೆಯಲ್ಲೇ ಇದೆ, ಸಾವುಕಾರರೇ!

ಈ ವಾರವೇ ಆಕೆಗೆ ಫೋನ್ ಮಾಡಿ. ವಾಪಸ್ ಬರುವುದೋ ಅಲ್ಲೇ ಇರುವುದೋ ಆಕೆಯೇ ಹೇಳಲಿ. ದೂರನ್ನು ಬರಹದಲ್ಲಿ ತೆಗೆದುಕೊಂಡು ಒಂದು ಪ್ರತಿ ಆಕೆಗೂ ಕೊಡಿ. ವಿಚಾರಣೆಗೆ ಮಿಲ್ಲಿಗೆ ಸಂಬಂಧವಿಲ್ಲದ ಒಬ್ಬ ವಕೀಲರನ್ನು ಕರೆಯಿರಿ. ಮುನೀಮರಿಗೆ ಬೇಜಾರಾಗುತ್ತದೆ, ಆಗಲಿ. ಆಮೇಲೆ ಏನಾಯಿತೆಂದು ನನಗೆ ಬರೆಯಿರಿ.