ಬಂಗಾರಪೇಟೆ ಸೀಮೆಯಲ್ಲಿ ಇನ್ನೂ ಇಲಿ ಹಿಡಿಯುವುದು ಯಾಕೆ

ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆ ಪ್ಲೇಗಿನ ಸುಳಿವು ಹುಡುಕಲು ಸಂಜೆ ಹೊತ್ತು ಹೊಲದ ಬದುವಿನ ಮೇಲೆ ಬೋನು ಇಟ್ಟು, ಬೆಳಗಾಗುತ್ತಲೇ ಇಲಿ ಎತ್ತಿಕೊಂಡು ಹೋಗುವವರನ್ನು ಕಂಡರೆ ಹೊರಗಿನಿಂದ ಬಂದವರು ಕೇಳುವುದು ಒಂದೇ: ಪ್ಲೇಗು ಅಜ್ಜಂದಿರ ಕಾಲದ್ದಲ್ಲವೇ, ಈಗಲೂ ಇದೆಲ್ಲ ಬೇಕೇ?

ಬೇಕು. ಇಲ್ಲಿ ಮನುಷ್ಯರಿಗೆ ಪ್ಲೇಗು ತಗುಲಿದ್ದು ಕೊನೆಯದಾಗಿ ದಾಖಲಾದದ್ದು 1966ರಲ್ಲಿ, ಇದೇ ಮುಳಬಾಗಿಲು ಭಾಗದಲ್ಲಿ. ಆಮೇಲೆ ದೇಶದಲ್ಲಿ 28 ವರ್ಷ ಸುದ್ದಿಯೇ ಇರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗು, ಬೆನ್ನಿಗೇ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗು ಎದ್ದವು. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯಲ್ಲಿ ಮತ್ತೆ ಕಾಣಿಸಿತು. ಕಾಯಿಲೆಯ ಮನೆ ಮನುಷ್ಯನ ಮೈಯಲ್ಲ, ಹೊಲದ ಬಿಲ. ಕೋಲಾರ, ಚಿತ್ತೂರು, ಕೃಷ್ಣಗಿರಿ ಮೂರೂ ಕೂಡುವ ಈ ಮೂಲೆಯನ್ನು ಅಂಥ ಹಳೆಯ ನೆಲೆಗಳಲ್ಲಿ ಒಂದೆಂದು ಗುರುತಿಸಿದ್ದಾರೆ.

ಬಿಲದಲ್ಲಿರುವುದು ಯಾರು ಅಂದರೆ, ಬಾಲದ ತುದಿಯಲ್ಲಿ ಕಪ್ಪು ಕುಚ್ಚಿರುವ ಹೊಲದಿಲಿ. ಶಾಸ್ತ್ರದ ಹೆಸರು ಟಟೇರಾ ಇಂಡಿಕಾ. ಕೆಂಪು ಮಣ್ಣಿನ ಬದು, ಬಂಡೆಗುಡ್ಡದ ಬುಡ ಇದಕ್ಕೆ ಇಷ್ಟ. ಪ್ಲೇಗಿನ ರೋಗಾಣು ಹೊಕ್ಕರೂ ಇದು ಸುಲಭಕ್ಕೆ ಸಾಯುವುದಿಲ್ಲ, ತಡೆದುಕೊಳ್ಳುತ್ತದೆ. ಮನೆ ಇಲಿ ಹಾಗಲ್ಲ, ತಗುಲಿದರೆ ಸಾಲಾಗಿ ಬೀಳುತ್ತದೆ. ಎರಡರ ನಡುವೆ ಓಡಾಡುವುದು ಗದ್ದೆಯ ಹೆಗ್ಗಣದ ಜಾತಿ. ರಾಗಿ, ಕಡಲೆಕಾಯಿ ಕೊಯ್ಲು ಮುಗಿದು ಹೊಲ ಬರಿದಾದರೆ ತೆನೆಯ ಹಿಂದೆಯೇ ಇದು ಕಣಕ್ಕೆ, ಕಣದಿಂದ ಮನೆಗೆ ಬರುತ್ತದೆ. ಇಲಿಯಿಂದ ಇಲಿಗೆ ಕಾಯಿಲೆ ಸಾಗಿಸುವುದು ಚಿಗಟ. ಬಿರುಬೇಸಿಗೆಯ ಒಣ ಸೆಕೆ ಚಿಗಟಕ್ಕೆ ಆಗದು. ಮಳೆ ಹಿಂದೆ ಸರಿದು ಚಳಿ ಕೂರುವ ತಿಂಗಳುಗಳಲ್ಲಿ ಕಣ್ಣಿಟ್ಟಿರಬೇಕಾದದ್ದು ಅದಕ್ಕೇ.

ಇಲಿ ಹಿಡಿಯುವುದು ಸುಲಭ, ಎಣಿಸುವುದು ಕಷ್ಟ. ಬೋನನ್ನು ಇಳಿಹೊತ್ತಿಗೆ ಇಡಬೇಕು. ಕಡಲೆಬೀಜ, ಸುಟ್ಟ ಕೊಬ್ಬರಿ, ಎಣ್ಣೆಯಲ್ಲಿ ಕರಿದ ತಿಂಡಿ ಯಾವುದಾದರೂ ಸರಿ, ಊರೂರಿಗೆ ಬದಲಾಯಿಸಬಾರದು. ಬಿಸಿಲು ಏರುವ ಮುಂಚೆ ಎತ್ತಲೇಬೇಕು. ತಡವಾದರೆ ಬಿಸಿಲಿಗೆ ಇಲಿ ಬೋನಿನಲ್ಲೇ ಸಾಯುತ್ತದೆ, ಮೈ ತಣ್ಣಗಾದ ಕೂಡಲೇ ಚಿಗಟಗಳು ಇಳಿದು ಹೋಗುತ್ತವೆ. ಆಗ ಪಟ್ಟಿಯಲ್ಲಿ ಚಿಗಟ ಸೊನ್ನೆ ಎಂದು ಬೀಳುತ್ತದೆ. ಆ ಸೊನ್ನೆ ಸುಳ್ಳು, ಕೆಲಸ ಕೆಟ್ಟದ್ದರ ಗುರುತು ಮಾತ್ರ. ಒಂದು ಇಲಿಗೆ ಒಂದು ಬಿಳಿ ಬಟ್ಟೆಚೀಲ, ಬಾಯಿ ಬಿಗಿದು, ಚೀಟಿ ಕಟ್ಟಿ. ಎರಡು ಇಲಿಗಳನ್ನು ಒಂದೇ ಚೀಲಕ್ಕೆ ತುಂಬಿದರೆ ಯಾವ ಚಿಗಟ ಯಾರದೆಂದು ದೇವರಿಗೂ ಗೊತ್ತಾಗದು. ಆಮೇಲೆ ಚೀಲದಲ್ಲೇ ಇಲಿಯ ಪ್ರಜ್ಞೆ ತಪ್ಪಿಸಿ, ಬಿಳಿ ತಟ್ಟೆಯ ಮೇಲೆ ಕೂದಲು ಬಾಚಿ, ಉದುರಿದ್ದನ್ನು ಒದ್ದೆ ಕುಂಚದ ತುದಿಯಿಂದ ಎತ್ತುತ್ತಾರೆ.

ಲೆಕ್ಕ ಎರಡು. ಒಂದು, ಬೋನಿಗೆ ಎಷ್ಟು ಇಲಿ ಬಿದ್ದವು ಎಂಬುದು. 50 ಬೋನು ಎರಡು ರಾತ್ರಿ ಇಟ್ಟರೆ 100 ಬೋನುರಾತ್ರಿ. 7 ಇಲಿ ಬಿದ್ದರೆ ನೂರಕ್ಕೆ 7. ಇನ್ನೊಂದು ಚಿಗಟದ ಸೂಚ್ಯಂಕ: ಸಿಕ್ಕ ಚಿಗಟವನ್ನು ನೋಡಿದ ಇಲಿಯ ಸಂಖ್ಯೆಯಿಂದ ಭಾಗಿಸುವುದು. ಚಿಗಟವೇ ಇಲ್ಲದ ಇಲಿಯನ್ನೂ ಲೆಕ್ಕಕ್ಕೆ ಸೇರಿಸಬೇಕು, ಹೊಸಬರು ತಪ್ಪುವುದು ಇಲ್ಲೇ. ಇನ್ನೂ ಮುಖ್ಯ, ಚಿಗಟದ ಜಾತಿ. ಪ್ಲೇಗು ಹೊರುವುದರಲ್ಲಿ ಜೆನೋಪ್ಸಿಲ್ಲಾ ಕಿಯೋಪಿಸ್ ಪಳಗಿದ್ದು. ಅದರ ನಂಟಿನ ಆಸ್ಟಿಯಾ ಅಷ್ಟು ಸಮರ್ಥವಲ್ಲ. ಬರಿಗಣ್ಣಿಗೆ ಎರಡೂ ಒಂದೇ, ಸೂಕ್ಷ್ಮದರ್ಶಕವೇ ಬೇಕು. 20 ಇಲಿಗಳ ಮೇಲೆ ಒಟ್ಟು 40 ಚಿಗಟ, ಅದರಲ್ಲಿ ಕಿಯೋಪಿಸ್ 26 ಅಂದರೆ ಕಿಯೋಪಿಸ್ ಸೂಚ್ಯಂಕ 1.3. ಒಂದನ್ನು ದಾಟಿದರೆ ಎಚ್ಚರಿಕೆ. ಈ ವರ್ಷದ ನವೆಂಬರನ್ನು ಹೋದ ವರ್ಷದ ನವೆಂಬರಿಗೆ, ಅದೇ ಊರಿನ ಅದೇ ಬದುವಿನಲ್ಲಿ ಹೋಲಿಸಬೇಕು. ಮೇ ತಿಂಗಳಿಗೆ ಹೋಲಿಸಿ ಹೆಚ್ಚಾಯಿತು ಎಂದು ಹೆದರುವುದರಲ್ಲಿ ಅರ್ಥವಿಲ್ಲ.

ಬೀದಿನಾಯಿಯ ರಕ್ತ ಯಾಕೆ ತೆಗೆಯುತ್ತಾರೆ ಎಂಬುದೂ ಅನೇಕರಿಗೆ ಅನುಮಾನ. ನಾಯಿ ಇಲಿ ತಿನ್ನುತ್ತದೆ. ಪ್ಲೇಗು ಹೊಕ್ಕರೂ ಸಾಮಾನ್ಯವಾಗಿ ಮಲಗುವುದಿಲ್ಲ, ಆದರೆ ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೂರು ಇಲಿ ಕೊಯ್ದು ಸಿಗದ ಸುಳಿವನ್ನು ಸುತ್ತಲಿನ ಹೊಲ ತಿರುಗಿದ ಹತ್ತು ನಾಯಿಗಳ ರಕ್ತ ಕೊಡಬಲ್ಲದು. ಎಳೆಯ ನಾಯಿಯಲ್ಲಿ ಪ್ರತಿಕಾಯ ಸಿಕ್ಕರೆ ಸುದ್ದಿ ಹೊಸದು ಎಂದೇ ತಿಳಿಯಬೇಕು. ಹಾಗೆಂದು ಆ ನಾಯಿಯನ್ನು ಕೊಲ್ಲಬೇಕಿಲ್ಲ. ಅದು ಓಡಾಡುವ ಹೊಲಗಳಲ್ಲಿ ಬೋನು ಹೆಚ್ಚಿಸಬೇಕು.

ಗಡಿಯ ಕಷ್ಟವೇ ಬೇರೆ. ತಮಿಳುನಾಡಿನ ಬೇರಿಕೆಯ ಬದುವಿನ ಇಲಿ ಕರ್ನಾಟಕದ ಮಾಸ್ತಿ ಕಡೆ ಬರಲು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಪಟ್ಟಿಗಳು ಮಾತ್ರ ರಾಜ್ಯದ ಗೆರೆಗೆ ಬಂದು ನಿಲ್ಲುತ್ತವೆ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಪ್ಲೇಗು ಘಟಕ ಬೆಂಗಳೂರಿನಲ್ಲಿದೆ, ತಮಿಳುನಾಡಿನ ಸಂಸ್ಥೆ ಹೊಸೂರಿನಲ್ಲಿದೆ. ಆ ಹೊಸೂರನ್ನೇ ತಮಿಳಿನಲ್ಲಿ ಓಸೂರ್ ಎಂದು ಬರೆಯುತ್ತಾರೆ. ಹಳ್ಳಿ ಹೆಸರುಗಳದ್ದೂ ಇದೇ ಪಾಡು, ಅಕ್ಷರ ಬದಲಾದರೆ ಒಂದೇ ಊರು ಎರಡಾಗಿ ಕೂರುತ್ತದೆ. ಅದಕ್ಕೇ ಹೆಸರಿನ ಜೊತೆ ಅಕ್ಷಾಂಶ, ರೇಖಾಂಶ ಬರೆಯಬೇಕು. ಕೇಳುವಾಗಲೂ ಮೂರು ಮಾತು ಬೇಕು: ಕನ್ನಡದ ಇಲಿ, ತೆಲುಗಿನ ಎಲುಕ, ತಮಿಳಿನ ಎಲಿ. ತೆಲುಗು ಮನೆಗೆ ಹೋಗಿ ಕನ್ನಡದಲ್ಲಿ ಮಾತ್ರ ವಿಚಾರಿಸಿದರೆ ಇಲ್ಲ ಎಂದೇ ಬರುತ್ತದೆ. ಹಿರಿಯರ ಹತ್ತಿರ ‘ಇಲಿ ಬಿದ್ದವಾ?’ ಎಂದು ಕೇಳಿ ನೋಡಿ, ಆ ಮಾತಿನ ತೂಕ ಅವರಿಗೆ ಗೊತ್ತು. ಇಲಿ ಸತ್ತು ಬಿದ್ದರೆ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅವರದು.

ಸತ್ತ ಇಲಿ ಕಂಡ ತಕ್ಷಣ ಪ್ಲೇಗು ಅನ್ನಬೇಡಿ. ಯಾರಾದರೂ ವಿಷ ಇಟ್ಟಿದ್ದಾರೆಯೇ ಎಂದು ಮೊದಲು ಕೇಳಿ. ಜಿಂಕ್ ಫಾಸ್ಫೈಡ್ ಆದರೆ ರಾತ್ರಿ ಬೆಳಗಾಗುವುದರೊಳಗೆ ಸಾಯುತ್ತವೆ. ಬ್ರೋಮಡಿಯೋಲೋನ್ ಬಿಲ್ಲೆಗೆ ಕೆಲವು ದಿನ ಹಿಡಿಯುತ್ತದೆ. ಯಾರೂ ವಿಷ ಇಟ್ಟಿಲ್ಲ, ಆದರೂ ಮನೆಯೊಳಗೆ, ಸೂರಿನ ಕೆಳಗೆ ಒಂದರ ಹಿಂದೆ ಒಂದು ಬೀಳುತ್ತಿವೆ ಎಂದರೆ ಕೈ ಹಾಕಬೇಡಿ, ಗುಡಿಸಬೇಡಿ. ಮುಖ್ಯವಾಗಿ ಆ ಹೊತ್ತಿನಲ್ಲಿ ಹೊಸದಾಗಿ ಇಲಿ ಪಾಷಾಣ ಇಡಲೇಬೇಡಿ. ಇಲಿ ಸತ್ತಷ್ಟೂ ಹಸಿದ ಚಿಗಟ ಮನುಷ್ಯರ ಮೇಲೆ ಬರುತ್ತದೆ. ಮೊದಲು ಬಿಲಕ್ಕೆ, ಇಲಿ ಓಡಾಡುವ ಗೋಡೆ ಬುಡಕ್ಕೆ ಚಿಗಟ ಸಾಯುವ ಪುಡಿ, ವಿಷ ಆಮೇಲೆ. ಈ ಸಾಲು ತಿರುಗುಮುರುಗಾದರೆ ಊರನ್ನು ಕಾಯಲು ಹೊರಟವರೇ ಕಾಯಿಲೆ ಹಂಚಿದಂತೆ.

ಸತ್ತ ಇಲಿಯ ಮೇಲೂ ಆರೋಗ್ಯ ಸಿಬ್ಬಂದಿ ಕೀಟನಾಶಕ ಹಾಕಿದ ಮೇಲೆಯೇ ಎತ್ತುವುದು, ಜೋಡಿ ಪ್ಲಾಸ್ಟಿಕ್ ಚೀಲದಲ್ಲಿ. ಕೊಳೆತಿದ್ದರೂ ಬಿಸಾಡುವುದಿಲ್ಲ, ತೊಡೆಮೂಳೆಯೊಳಗಿನ ಮಜ್ಜೆಯಲ್ಲಿ ರೋಗಾಣು ಸಿಗಬಹುದು. ಆ ಮನೆಯಲ್ಲಿ ಯಾರಿಗಾದರೂ ಹಠಾತ್ ಜ್ವರ, ತೊಡೆಸಂದಿನಲ್ಲೋ ಕಂಕುಳಲ್ಲೋ ಮುಟ್ಟಲಾಗದಷ್ಟು ನೋಯುವ ಗಡ್ಡೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಗ ಶುರುವಾದರೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಹಳೆಯ ಔಷಧಗಳೇ ಕೆಲಸ ಮಾಡುತ್ತವೆ. ಕುಪ್ಪಂ ಹತ್ತಿರವಿದ್ದರೆ ಕುಪ್ಪಂ, ಹೊಸೂರು ಹತ್ತಿರವಿದ್ದರೆ ಹೊಸೂರು. ವೈದ್ಯರಿಗೆ ಜ್ವರದ ಜೊತೆಗೆ ‘ಮನೆಯಲ್ಲಿ ಇಲಿ ಬಿದ್ದಿವೆ’ ಎಂಬುದನ್ನೂ ಹೇಳಿ. ಜ್ವರ ಎಂದಷ್ಟೇ ಹೇಳಿದರೆ ಪ್ಲೇಗು ಅವರ ಮನಸ್ಸಿಗೆ ಬರುವುದು ಕಷ್ಟ.