ಟಾಲೆಮಿಯ ನಕ್ಷೆ ಕೊಳ್ಳುವ ಮುಂಚೆ

ಮೇಡಂ, ನೀವು ಕೇಳಿದ್ದು ಎರಡು. ಅಂಗಡಿಯಲ್ಲಿ ತೋರಿಸಿದ ಟಾಲೆಮಿಯ ಭಾರತದ ನಕ್ಷೆ ನಿಜವಾಗಿ ಎರಡು ಸಾವಿರ ವರ್ಷ ಹಳೆಯದಾ? ಅದರಲ್ಲಿ ನಮ್ಮ ಬನವಾಸಿ ಎಲ್ಲಿದೆ?

ಅಷ್ಟು ಹಳೆಯದಾಗಿರಲು ಸಾಧ್ಯವೇ ಇಲ್ಲ. ಟಾಲೆಮಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದವನು. ಕ್ರಿ.ಶ. 150ರ ಸುಮಾರಿಗೆ ಬರೆದ ಭೂಗೋಳದ ಪುಸ್ತಕದಲ್ಲಿ ಸುಮಾರು 8,000 ಜಾಗಗಳ ಹೆಸರು ಕೊಟ್ಟ, ಹೆಚ್ಚಿನವಕ್ಕೆ ಅಕ್ಷಾಂಶ ರೇಖಾಂಶವನ್ನೂ ಬರೆದಿಟ್ಟ. ಅವನ ಕಾಲದ ನಕ್ಷೆ ಒಂದೂ ಉಳಿದಿಲ್ಲ, ಅಂಕಿಗಳು ಉಳಿದವು. ನನಗೆ ತುಂಬ ಇಷ್ಟವಾಗುವ ವಿಷಯ ಇದೇ. ಚಿತ್ರ ನಕಲಾಗುತ್ತ ಹೋದ ಹಾಗೆ ಕೆಡುತ್ತದೆ. ಅಂಕಿ ಕೈಯಲ್ಲಿದ್ದರೆ ಸಾವಿರ ವರ್ಷ ಬಿಟ್ಟೂ ಹೊಸದಾಗಿ ಗೆರೆ ಎಳೆಯಬಹುದು. ಹಾಗೇ ಎಳೆದರು. ನಕ್ಷೆಗಳ ಸಮೇತ ಪುಸ್ತಕ ಮೊದಲು ಅಚ್ಚಾದದ್ದು 1477ರಲ್ಲಿ, ಇಟಲಿಯ ಬೊಲೋನ್ಯಾದಲ್ಲಿ. ಹಾಗಾಗಿ ನಿಮಗೆ ತೋರಿಸಿದ ಅಚ್ಚಿನ ಹಾಳೆ ಅದಕ್ಕಿಂತ ಹಿಂದಿನದಾಗಿರಲಾರದು.

ಅಸಲಿ ಹಳೇ ಅಚ್ಚೋ, ಈಗಿನ ನಕಲೋ ಎಂದು ತಿಳಿಯಲು ಒಂದು ಭೂತಗನ್ನಡಿ ತೆಗೆದುಕೊಂಡು ಹೋಗಿ. ಅಕ್ಷರದ ಅಂಚು, ಬಣ್ಣ ಹಚ್ಚಿದ ಜಾಗ ನೋಡಿ. ಸಣ್ಣ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಈಗಿನ ಯಂತ್ರದ ಮುದ್ರಣ. ನಾನೂ ಒಮ್ಮೆ ಇದನ್ನು ನೋಡದೆ ಸುಮ್ನೆ ದುಡ್ಡು ಕಳೆದುಕೊಂಡೆ. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಕೈಕಾಗದದಲ್ಲಿ, ಕಾಗದ ಎತ್ತಿದ ತಂತಿ ಜಾಲರಿಯ ಗೆರೆಗಳು ಒಳಗೆ ಕಾಣುತ್ತವೆ. ನಕ್ಷೆಗಾರ ಮರ್ಕೇಟರ್‌ನ 1578ರ ಮುದ್ರಣದಂತೆ ತಾಮ್ರದ ತಗಡಿನಿಂದ ಅಚ್ಚಾಗಿದ್ದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೇ ಸಿಗುತ್ತದೆ. 1482ರ, ಜರ್ಮನಿಯ ಉಲ್ಮ್ ನಗರದ ಮುದ್ರಣ ಮರದ ಅಚ್ಚಿನದು, ಅದರಲ್ಲಿ ಇಂಥ ತಗ್ಗು ಹುಡುಕಬೇಡಿ.

ಈಗ ಬನವಾಸಿ. ಭಾರತ ಇರುವುದು ಆ ಪುಸ್ತಕದ ಏಷ್ಯಾ ನಕ್ಷೆಗಳ ಪೈಕಿ ಹತ್ತನೆಯದರಲ್ಲಿ. ತೆರೆದ ಕೂಡಲೇ ಗಾಬರಿಯಾಗಬೇಡಿ, ದಕ್ಷಿಣದ ಚೂಪು ಅದರಲ್ಲಿ ಇಲ್ಲವೇ ಇಲ್ಲ. ಪಶ್ಚಿಮ ಕರಾವಳಿ ಕೆಳಗಿಳಿಯುವ ಬದಲು ಪೂರ್ವಕ್ಕೆ ಅಡ್ಡಡ್ಡ ಹೋಗುತ್ತದೆ. ಕೆಳಗಿರುವ ಶ್ರೀಲಂಕಾ ಮಾತ್ರ ವಿಪರೀತ ದೊಡ್ಡದು, ಹೆಸರು ತಪ್ರೊಬಾನೆ. ಮೊದಲು ಕರಾವಳಿಯಲ್ಲಿ ಮುಜಿರಿಸ್ ಬಂದರನ್ನು ಗುರುತಿಸಿಕೊಳ್ಳಿ, ಅದು ಕೇರಳದ್ದು. ಅಲ್ಲಿಂದ ವಾಯವ್ಯಕ್ಕೆ, ಸಮುದ್ರ ಬಿಟ್ಟು ಒಳನಾಡಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋಗಿ. ಬನೌವಾಸಿ ಎಂಬಂಥ ಹೆಸರು ಸಿಗುತ್ತದೆ. ಲ್ಯಾಟಿನ್ ಅಚ್ಚಿನಲ್ಲಿ ಯು ಮತ್ತು ವಿ ಅಕ್ಷರಗಳು ಅದಲು ಬದಲಾಗುತ್ತವೆ, ಅದು ನೆನಪಿರಲಿ. ಕದಂಬರಿಗಿಂತ ಸುಮಾರು ಇನ್ನೂರು ವರ್ಷ ಮುಂಚೆಯೇ ಊರಿನ ಹೆಸರು ಅಲೆಕ್ಸಾಂಡ್ರಿಯಾ ಮುಟ್ಟಿತ್ತು, ನೋಡಿ! ನನಗಂತೂ ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು.

ಅಂಚಿನ ರೇಖಾಂಶವನ್ನು ಈಗಿನ ಅಟ್ಲಾಸ್ ಜೊತೆ ನೇರ ಹೋಲಿಸಬೇಡಿ. ಅವನ ಸೊನ್ನೆ ಗ್ರೀನಿಚ್ ಅಲ್ಲ, ಆಫ್ರಿಕಾದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳು. ಸಾಲದ್ದಕ್ಕೆ ಭೂಮಿಯ ಸುತ್ತಳತೆಯನ್ನು ಅವನು 1,80,000 ಸ್ಟೇಡಿಯಾ (ಗ್ರೀಕರ ದೂರದ ಅಳತೆ) ಎಂದು ಹಿಡಿದ. ಗ್ರೀಕ್ ಪಂಡಿತ ಎರಟೋಸ್ಥನೀಸ್ ಅದಕ್ಕೂ ಮುಂಚೆ ಹೇಳಿದ್ದು 2,52,000. ಭೂಮಿ ಚಿಕ್ಕದಾದಾಗ ಅದೇ ದೂರಕ್ಕೆ ಡಿಗ್ರಿ ಜಾಸ್ತಿ ಬೇಕಾಗುತ್ತದೆ ಅಲ್ವಾ? ಹೀಗೆ ಎಲ್ಲವೂ ಪೂರ್ವ ಪಶ್ಚಿಮವಾಗಿ ಹಿಗ್ಗಿದೆ. ಮೆಡಿಟರೇನಿಯನ್ ಸಮುದ್ರವೇ ಅವನ ಲೆಕ್ಕದಲ್ಲಿ 62 ಡಿಗ್ರಿ, ಅಸಲು ಸುಮಾರು 42.

ದುಡ್ಡು ಕೊಡುವ ಮುಂಚೆ ಹಾಳೆಯ ಹಿಂಬದಿಯದೊಂದು, ಬೆಳಕಿಗೆ ಹಿಡಿದದ್ದೊಂದು ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.